ಒದರದ ಫ್ಯಾನು

ಹೆದ್ದಾರಿಯಲ್ಲಿ ಓಡುವಾಗ ಗಾಡಿಗೆ ಯಾವ ರೋಗವೂ ಇರಲಿಲ್ಲ. ರಾಮದುರ್ಗದಲ್ಲಿ ಉಳ್ಳಾಗಡ್ಡಿ ಹೇರಿಕೊಂಡು ನರಗುಂದ, ನವಲಗುಂದ ಹಾಯ್ದು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಮುಟ್ಟುವವರೆಗೆ ಹೀಟ್ ಮೀಟರಿನ ಮುಳ್ಳು ನಡುಮಟ್ಟ ಬಿಟ್ಟು ಅಲ್ಲಾಡುತ್ತಿರಲಿಲ್ಲ. ರೋಗ ಹೊರಬಿದ್ದದ್ದು ದವನದ ಹುಣ್ಣಿಮೆಯ ಹೊತ್ತಿಗೆ, ಸವದತ್ತಿಯ ಎಲ್ಲಮ್ಮನ ಗುಡ್ಡ ಏರುವಾಗ. ಪಿಕಪ್ಪಿನ ತುಂಬ ಜಾತ್ರೆಯ ಅಡುಗೆ ಸಾಮಾನು, ಮುಂದೆ ಚಕ್ಕಡಿ ಮತ್ತು ಟ್ರ್ಯಾಕ್ಟರುಗಳ ಸಾಲು, ಮೊದಲ ಗೇರಿನಲ್ಲಿ ತೆವಳುವ ನಡಿಗೆ. ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ ಎತ್ತಿದಾಗ ಕೂಲಂಟ್ ಡಬ್ಬಿಯಲ್ಲಿ ಕೊತಕೊತ ಕುದಿಯುತ್ತಿತ್ತು. ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಲು ಹೋದ ಕ್ಲೀನರ್ ಹುಡುಗನನ್ನು ಡ್ರೈವರ್ ಅಂಗಿ ಹಿಡಿದು ಎಳೆಯದಿದ್ದರೆ ಅವನ ಮುಖ ಸುಟ್ಟೇ ಹೋಗುತ್ತಿತ್ತು.

ಊರಿಗೆ ಮರಳಿದ ಮೇಲೆ ಚಿಕಿತ್ಸೆ ಶುರುವಾಯಿತು. ಗ್ಯಾರೇಜಿನ ಮಿಸ್ತ್ರಿ ಮೊದಲು ಥರ್ಮೋಸ್ಟಾಟ್ ವಾಲ್ವ್ ಮೇಲೆ ಸಂಶಯಪಟ್ಟು ಹೊಸದು ಹಾಕಿದ. ಗಾಡಿ ಮತ್ತೆ ಕುದಿಯಿತು. ರೇಡಿಯೇಟರ್ ಬಿಚ್ಚಿ ತೊಳೆಸಿದರು. ಒಳಗಿನಿಂದ ಕೆಂಪು ರಾಡಿ ಬಂದಾಗ ಎಲ್ಲರಿಗೂ ಕಳ್ಳ ಸಿಕ್ಕಷ್ಟು ಸಮಾಧಾನವಾಯಿತು. ಕಟಕೋಳದ ಸಂತೆಯ ಗದ್ದಲದಲ್ಲಿ ಸಿಕ್ಕ ದಿನ ಆ ಸಮಾಧಾನವೂ ಆವಿಯಾಯಿತು. ಇನ್ನುಳಿದದ್ದು ಹೆಡ್ ಗ್ಯಾಸ್ಕೆಟ್. ಆ ಹೆಸರು ಕೇಳಿದರೇ ಬಾಡಿಗೆ ಗಾಡಿಯವರ ಎದೆ ನಡುಗುತ್ತದೆ, ಏಕೆಂದರೆ ಅದಕ್ಕೆ ಎಂಜಿನ್ನಿನ ತಲೆಯನ್ನೇ ಎತ್ತಬೇಕು. ಆದರೆ ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಏಳುತ್ತಿರಲಿಲ್ಲ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿರಲಿಲ್ಲ, ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಮಿಸ್ತ್ರಿ ಸೋತು ಕೂತ. ಸೋತಾಗ ಕೂತುಕೊಳ್ಳುವುದು ಒಳ್ಳೆಯ ಮಿಸ್ತ್ರಿಯ ಲಕ್ಷಣ. ಕೆಟ್ಟವನಾಗಿದ್ದರೆ ಅಷ್ಟೊತ್ತಿಗೆ ಹೆಡ್ ಬಿಚ್ಚಿರುತ್ತಿದ್ದ.

ಗ್ಯಾರೇಜಿಗೆ ಚಹಾ ಕುಡಿಯಲು ಬರುತ್ತಿದ್ದ ಮುದುಕರೊಬ್ಬರಿದ್ದರು. ಪ್ರಾಯದಲ್ಲಿ ಲಾರಿ, ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದವರು. ಈಗ ಪಾನಾ ಹಿಡಿಯದಿದ್ದರೂ ಕಿವಿ ಚುರುಕಾಗಿಯೇ ಇತ್ತು. ಬಿಸಿಯೇರಿದ ಎಂಜಿನ್ನಿನ ಎದುರು ನಿಂತು ಬಹಳ ಹೊತ್ತು ಕೇಳಿದರು. ಆಮೇಲೆ ಡ್ರೈವರನನ್ನು ಕರೆದರು.

"ಮುಂಜಾನೆ ಚಾಲೂ ಮಾಡಿದ ಕೂಡ್ಲೆ ಒಂದೀಟ್ ಹೊತ್ತು ಗುಂಯ್ ಅಂತ ಒದರತಿತ್ತಲ್ಲೋ ತಮ್ಮಾ, ಈಗೂ ಒದರತೈತೇನು?"

"ಇಲ್ರೀ ಕಾಕಾ. ಎರಡ ತಿಂಗಳಾತು, ಗಾಡಿ ಭಾಳ ಸಾಫ್ ಆಗೈತಿ. ಏರಿನ್ಯಾಗೂ ಸಪ್ಪಳ ಇಲ್ಲ."

"ಸಾಫ್ ಆಗಿಲ್ಲೋ. ಫ್ಯಾನ್ ಸತ್ತೈತಿ."

ಡ್ರೈವರ್ ನಕ್ಕುಬಿಟ್ಟ. ಫ್ಯಾನ್ ಕಣ್ಣೆದುರೇ ತಿರುಗುತ್ತಿತ್ತಲ್ಲ! ಈ ಎರಡು ತಿಂಗಳು ಗಾಡಿಯ ಸದ್ದಡಗಿದ್ದನ್ನು ಅವನು ಹೊಸ ಆಯಿಲಿನ ಪುಣ್ಯ ಎಂದೇ ತಿಳಿದಿದ್ದ. ಗೆಳೆಯರ ಮುಂದೆ ಹೇಳಿಕೊಂಡು ಮೆರೆದೂ ಇದ್ದ.

ಮುದುಕರು ಎಂಜಿನ್ ಬಂದ್ ಮಾಡಿಸಿ ಆರುವವರೆಗೆ ಕಾದರು. ಬಳಿಕ ಫ್ಯಾನಿನ ಒಂದು ರೆಕ್ಕೆಯನ್ನು ಬೆರಳಿನಿಂದ ತಳ್ಳಿದರು. ಸರಿಯಿರುವ ಫ್ಯಾನು ಬಿಗಿಯಾಗಿ ತುಸು ಸರಿದು ನಿಲ್ಲಬೇಕಿತ್ತು. ಇದು ಸುತ್ತಿನ ಮೇಲೆ ಸುತ್ತು ಹಗುರಾಗಿ ತಿರುಗಿತು. ರೆಕ್ಕೆಯ ತುದಿ ಹಿಡಿದು ಹಿಂದೆ ಮುಂದೆ ಅಲುಗಿಸಿದರೆ ಒಳಗಿನ ಬೇರಿಂಗ್ ಕಟಕಟ ಎಂದಿತು. ಕೊನೆಗೆ ಫ್ಯಾನಿನ ನಡುವೆ ಇದ್ದ ಅಲ್ಯೂಮಿನಿಯಂ ಗುಂಡಿನ ಮೇಲೆ ಬಟ್ಟೆಯಿಂದ ಒರೆಸಿದರು. ನಡುವಿನಿಂದ ಅಂಚಿನ ಕಡೆಗೆ ಎಣ್ಣೆಯ ಗೆರೆಗಳು ಸಿಡಿದು, ಅವುಗಳ ಮೇಲೆ ಎರೆಮಣ್ಣಿನ ಕರಿ ಧೂಳು ಗಟ್ಟಿಯಾಗಿ ಕೂತಿತ್ತು. ಬೆರಳಿನಲ್ಲಿ ತಿಕ್ಕಿದರು. ಎಂಜಿನ್ ಆಯಿಲಿನ ವಾಸನೆಯಿರಲಿಲ್ಲ, ಗ್ರೀಸಿನದೂ ಇರಲಿಲ್ಲ.

ಆ ವಾಸನೆಯಿಲ್ಲದ ಎಣ್ಣೆಯ ಹುಟ್ಟು ಬಹಳ ದೂರದ್ದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಕಿಪ್ಪಿಂಗ್ ಎಂಬ ರಸಾಯನಶಾಸ್ತ್ರಜ್ಞರು ಮರಳಿನ ಮೂಲವಸ್ತುವಾದ ಸಿಲಿಕಾನನ್ನು ಇಂಗಾಲದ ಸಂಯುಕ್ತಗಳೊಡನೆ ಬೆಸೆಯಲು ದಶಕಗಟ್ಟಲೆ ಹೆಣಗಿದ್ದರು. ಅವರಿಗೆ ಬೇಕಾಗಿದ್ದದ್ದು ಅಚ್ಚುಕಟ್ಟಾದ ಹರಳು. ಸಿಕ್ಕಿದ್ದು ಬಹುಪಾಲು ಅಂಟು, ಜಿಗುಟು, ಹರಳಾಗದ ಮುದ್ದೆ. ಅದಕ್ಕೆ ಸಿಲಿಕೋನ್ ಎಂಬ ಹೆಸರು ನಿಂತದ್ದು ಅವರಿಂದಲೇ. ಆದರೂ 1930ರ ದಶಕದಲ್ಲಿ ತಮ್ಮ ಕೆಲಸವನ್ನು ಹಿಂದಿರುಗಿ ನೋಡಿದಾಗ, ಇದರಿಂದ ಮುಂದೆ ಹೆಚ್ಚೇನೂ ಆಗುವ ಭರವಸೆಯಿಲ್ಲ ಎಂದೇ ಅವರು ಕೈಚೆಲ್ಲಿದರು. ಅವರು ಬದಿಗೆ ಸರಿಸಿದ ಆ ಜಿಗುಟನ್ನೇ ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯ ಫ್ರ್ಯಾಂಕ್ಲಿನ್ ಹೈಡ್ ಬೆನ್ನುಹತ್ತಿದರು. ಗಾಜಿಗೂ ಪ್ಲಾಸ್ಟಿಕ್ಕಿಗೂ ನಡುವಿನ, ಬಿಸಿ ತಡೆಯುವ ಒಂದು ವಸ್ತು ಅವರಿಗೆ ಬೇಕಿತ್ತು. 1940ರ ಮೇ 10ರಂದು, ಹಿಟ್ಲರನ ಸೇನೆ ಪಶ್ಚಿಮ ಯುರೋಪಿಗೆ ನುಗ್ಗಿದ ದಿನವೇ, ಜನರಲ್ ಎಲೆಕ್ಟ್ರಿಕ್ಕಿನ ಯುಜೀನ್ ರೋಖೋ ಕಾಯಿಸಿದ ಸಿಲಿಕಾನ್ ಮತ್ತು ತಾಮ್ರದ ಮೇಲೆ ಮೀಥೈಲ್ ಕ್ಲೋರೈಡ್ ಅನಿಲ ಹಾಯಿಸಿ, ಸಿಲಿಕೋನಿನ ಕಚ್ಚಾವಸ್ತುವನ್ನು ಸುಲಭವಾಗಿ ಇಳಿಸುವ ದಾರಿ ಕಂಡುಕೊಂಡರು. 1943ರಲ್ಲಿ ಡೌ ಕಾರ್ನಿಂಗ್ ಕಂಪನಿ ಹುಟ್ಟಿತು. ಎತ್ತರದಲ್ಲಿ ಹಾರುವ ಯುದ್ಧವಿಮಾನಗಳ ಇಗ್ನಿಷನ್ನಿಗೆ ತೇವ ತಗುಲದಂತೆ ಸಿಲಿಕೋನ್ ಮುಲಾಮು ಹಚ್ಚಿದರು. ಭರವಸೆಯಿಲ್ಲ ಎಂದಿದ್ದ ಕಿಪ್ಪಿಂಗ್ ಇದೆಲ್ಲ ಆದ ಮೇಲೆ, 1949ರಲ್ಲಿ ತೀರಿಕೊಂಡರು.

ಯುದ್ಧ ಮುಗಿದ ಮೇಲೆ ಅಮೆರಿಕದ ಕಾರುಗಳ ಎಂಜಿನ್ ದೊಡ್ಡವಾದವು, ಫ್ಯಾನೂ ದೊಡ್ಡವಾದವು. ಪುಲ್ಲಿಗೆ ನೇರವಾಗಿ ಕಟ್ಟಿದ ಫ್ಯಾನು ಬೇಕಿರಲಿ ಬೇಡವಾಗಿರಲಿ ಎಂಜಿನ್ನಿನೊಡನೆ ಕಿರುಚುತ್ತಾ ತಿರುಗುತ್ತಿತ್ತು. ವೇಗ ಎರಡರಷ್ಟಾದರೆ ಅದು ನುಂಗುವ ಶಕ್ತಿ ಎಂಟರಷ್ಟು. ಬೇಕಾದಾಗ ಹಿಡಿದು, ಬೇಡವಾದಾಗ ಬಿಡುವ ಕ್ಲಚ್ ಬೇಕಿತ್ತು. ಸಾಮಾನ್ಯ ಎಣ್ಣೆ ಬಿಸಿಯಾದಂತೆ ನೀರಾಗುತ್ತದೆ, ಅಂದರೆ ಹಿಡಿತ ಬೇಕಾದ ಗಳಿಗೆಯಲ್ಲೇ ಕೈಕೊಡುತ್ತದೆ. ಬಿಸಿಗೂ ತಂಪಿಗೂ ತನ್ನ ಮಂದ ಗುಣವನ್ನು ಅಷ್ಟಾಗಿ ಬಿಡದ ಸಿಲಿಕೋನ್ ಎಣ್ಣೆ 1950ರ ದಶಕದಲ್ಲಿ ಎಂಜಿನಿಯರುಗಳ ಕೈಗೆ ಬಂತು. ಪಿಕಪ್ಪಿನ ಫ್ಯಾನಿನ ನಡುವಿನ ಆ ಅಲ್ಯೂಮಿನಿಯಂ ಗುಂಡು ಅಂಥದೇ ಒಂದು ಕ್ಲಚ್. ಸೋರಿಹೋಗಿದ್ದದ್ದು ಅದರೊಳಗಿನ ಎಣ್ಣೆ.

ರಾಮದುರ್ಗಕ್ಕೆ ಬೇಕಾದ ಹೊಸ ಕ್ಲಚ್ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂತು. ತರಲು ಹೋದ ಹುಡುಗನಿಗೆ ಮುದುಕರು ಹೇಳಿದ್ದು ಒಂದೇ ಮಾತು: "ಅಡ್ಡ ಮಲಗಸಬ್ಯಾಡ, ನಿಂದರಿಸಿ ತೊಗೊಂಡ ಬಾ." ಮಲಗಿಸಿದರೆ ಎಣ್ಣೆ ಬೇರಿಂಗಿನ ಕಡೆ ಜಾರಿ ಸೋರುವ ಭಯ. ಹುಡುಗ ಡಬ್ಬಿಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ನಿಲ್ಲಿಸಿಕೊಂಡೇ ತಂದ.

ಆದರೆ ಹಳೆಯದು ಬಿಟ್ಟುಕೊಡಲಿಲ್ಲ. ಬ್ಯಾಟರಿಯ ವಾಯರ್ ಕಳಚಿ, ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವರು ಸಡಿಲಿಸಿ, ವಾಟರ್ ಪಂಪಿನ ಮೂತಿಗೆ ಕೂತ ದೊಡ್ಡ ನಟ್ಟಿಗೆ ಮಿಸ್ತ್ರಿ ಪಾನಾ ಹಾಕಿದ. ಎಂದಿನಂತೆ ಎಡಕ್ಕೆ ತಿರುವಿದ. ಕದಲಲಿಲ್ಲ. ಪಾನಾಕ್ಕೆ ಪೈಪು ತೂರಿಸಿ ಹುಡುಗನನ್ನೂ ಜೊತೆಗೆ ಎಳೆಸಿದ. ಪುಲ್ಲಿಯೇ ಬೆಲ್ಟಿನೊಳಗೆ ಜಾರಿ ತಿರುಗಿತು, ಮಿಸ್ತ್ರಿಯ ಗೆಣ್ಣು ರೇಡಿಯೇಟರಿಗೆ ಬಡಿದು ರಕ್ತ ಬಂತು. ಚಹಾದ ಲೋಟ ಕೆಳಗಿಟ್ಟ ಮುದುಕರು, "ಬಿಚ್ಚಾಕತ್ತಿಲ್ಲೋ, ಬಿಗಿ ಮಾಡಾಕತ್ತೀರಿ" ಎಂದರು. ಎದುರಿನಿಂದ ನೋಡಿದರೆ ಪುಲ್ಲಿ ಗಡಿಯಾರದ ದಿಕ್ಕಿಗೆ ತಿರುಗುತ್ತಿತ್ತು. ಗಾಳಿಯ ಒತ್ತಡ ಫ್ಯಾನನ್ನು ಹಿಂದಕ್ಕೆ ಜಗ್ಗುವುದರಿಂದ, ನಟ್ಟು ಓಡುತ್ತಾ ತಾನೇ ಬಿಗಿಯಾಗಲೆಂದು ಆ ಗಾಡಿಗೆ ಉಲ್ಟಾ ಥ್ರೆಡ್ ಕೊಟ್ಟಿದ್ದರು. ಹುಡುಗ ಹಳೇ ಬೆಲ್ಟಿನ ತುಂಡಿನಿಂದ ಪುಲ್ಲಿಯನ್ನು ಬಿಗಿಹಿಡಿದ. ಮಿಸ್ತ್ರಿ ಪಾನಾವನ್ನು ಬಲಕ್ಕೆ ಹೊಂದಿಸಿ ಸುತ್ತಿಗೆಯಿಂದ ಒಂದು ಜೋರು ಏಟು ಕೊಟ್ಟ. ನಟ್ಟು ಬಿಟ್ಟಿತು. ಹೊಸದನ್ನು ಕೈಯಿಂದಲೇ ತಿರುವಿ ಕೂರಿಸಿ, ಬಿಗಿಮಾಡಿ, ಗಾಡಿ ಚಾಲೂ ಮಾಡಿದಾಗ ಫ್ಯಾನು ಗುಂಯ್ ಎಂದು ಒದರಿ, ಸ್ವಲ್ಪ ಹೊತ್ತಿಗೆ ಸುಮ್ಮನಾಯಿತು. ಡ್ರೈವರ್ ಮೊದಲ ಸಲ ಆ ಸಪ್ಪಳಕ್ಕೆ ಹಲ್ಲುಬಿಟ್ಟ.

ಗುಟ್ಟು ಇಷ್ಟೇ. ಕ್ಲಚ್ಚಿನೊಳಗೆ ಎದುರುಬದುರು ತೋಡುಗಳಿರುವ ಎರಡು ಭಾಗ, ಒಂದಕ್ಕೊಂದು ತಾಗದೆ ಹೆಣೆದುಕೊಂಡಿರುತ್ತವೆ. ಒಂದು ಎಂಜಿನ್ನಿನದು, ಇನ್ನೊಂದು ಫ್ಯಾನಿನದು. ನಡುವಿನ ಸಂದಿಗೆ ಜೋನಿಬೆಲ್ಲದಂತೆ ಮಂದವಾದ ಸಿಲಿಕೋನ್ ಎಣ್ಣೆ ಇಳಿದರೆ ಒಂದು ಇನ್ನೊಂದನ್ನು ಎಳೆದೊಯ್ಯುತ್ತದೆ. ಎಣ್ಣೆ ಪಕ್ಕದ ಕೋಣೆಗೆ ಮರಳಿದರೆ ಫ್ಯಾನು ಸಡಿಲಾಗುತ್ತದೆ. ಬಾಗಿಲು ಕಾಯುವುದು ಮುಖದ ಮೇಲಿನ, ಎರಡು ಲೋಹ ಬೆಸೆದು ಮಾಡಿದ ಒಂದು ಸುರುಳಿ. ರೇಡಿಯೇಟರ್ ದಾಟಿ ಬರುವ ಗಾಳಿ ಕಾದರೆ ಸುರುಳಿ ತಿರುಚಿಕೊಂಡು ಕವಾಟ ತೆರೆಯುತ್ತದೆ. ರಾತ್ರಿ ನಿಂತ ಗಾಡಿಯಲ್ಲಿ ಎಣ್ಣೆ ಸಂದಿಗೆ ಇಳಿದಿರುವುದರಿಂದ ಮುಂಜಾನೆಯ ಆ ಗುಂಯ್ ಸದ್ದು. ಹಳೆಯ ಕ್ಲಚ್ಚಿನಲ್ಲಿ ಇಳಿಯಲು ಎಣ್ಣೆಯೇ ಉಳಿದಿರಲಿಲ್ಲ. ಹುಬ್ಬಳ್ಳಿ ದಾರಿಯಲ್ಲಿ ಗಾಡಿಯ ಓಟವೇ ರೇಡಿಯೇಟರಿಗೆ ಗಾಳಿ ನುಗ್ಗಿಸುತ್ತಿದ್ದುದರಿಂದ ಅಲ್ಲಿ ಫ್ಯಾನಿನ ಸಾವು ಯಾರಿಗೂ ತಿಳಿದಿರಲಿಲ್ಲ.