ಹಗಲಿನ ಸ್ಪಷ್ಟತೆಯೋ, ಇರುಳಿನ ದೃಷ್ಟಿಯೋ? ಮನೆ ಹಾಗೂ ಮಳಿಗೆಗೆ ಕಣ್ಗಾವಲು ಕ್ಯಾಮೆರಾದ ಆಯ್ಕೆ

ಶಿರಾ ತಾಲ್ಲೂಕಿನ ಗೌಡಗೆರೆಯಂತಹ ಹೋಬಳಿ ಕೇಂದ್ರಗಳಲ್ಲಿಯೂ ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಊರುಗಳಲ್ಲಿಯೂ ವರ್ತಕರ ವಾಸ ಹಾಗೂ ವ್ಯಾಪಾರ ಒಂದೇ ಕಟ್ಟಡದಲ್ಲಿರುವುದು ಅಪರೂಪವಲ್ಲ. ಮುಂಭಾಗದಲ್ಲಿ ಮಳಿಗೆ, ಹಿಂಭಾಗದಲ್ಲಿ ಅಥವಾ ಮಹಡಿಯಲ್ಲಿ ಮನೆ, ಪಕ್ಕದ ಕೊಠಡಿಯಲ್ಲಿ ಕಡಲೆಕಾಯಿಯದೋ ಹುಣಸೆಹಣ್ಣಿನದೋ ದಾಸ್ತಾನು. ಇಂತಹ ಕಟ್ಟಡಕ್ಕೆ ಅಳವಡಿಸುವ ಸಿ.ಸಿ.ಟಿ.ವಿ. ಕ್ಯಾಮೆರಾ ಕುಟುಂಬವನ್ನೂ ಬಂಡವಾಳವನ್ನೂ ಒಟ್ಟಿಗೆ ಕಾಯಬೇಕಾಗುತ್ತದೆ. ಆದರೆ ಖರೀದಿಯ ವೇಳೆ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಮೆಗಾಪಿಕ್ಸೆಲ್?’ ಅಂಗಡಿಯ ಪರದೆಯ ಮೇಲೆ ಹಗಲು ಹೊತ್ತಿನಲ್ಲಿ ಕಾಣುವ ಅಚ್ಚುಕಟ್ಟಾದ ಚಿತ್ರವೇ ನಿರ್ಧಾರಕ್ಕೆ ಆಧಾರವಾಗುತ್ತದೆ. ಕಳವು ನಡೆಯುವುದು ಬಹುಪಾಲು ಇರುಳಿನಲ್ಲಿ. ಬೆಳಿಗ್ಗೆ ದೃಶ್ಯಾವಳಿಯನ್ನು ನೋಡಿದಾಗ ಯಾರೋ ಬಂದು ಹೋದದ್ದು ಕಾಣುತ್ತದೆ, ಯಾರೆಂಬುದು ಮಾತ್ರ ಕಾಣುವುದಿಲ್ಲ.

ಹಗಲಿನ ವಿವರ ಮತ್ತು ಇರುಳಿನ ಸಾಮರ್ಥ್ಯ ಒಂದೇ ಗುಣದ ಎರಡು ಹೆಸರುಗಳಲ್ಲ. ಅನೇಕ ಸಂದರ್ಭಗಳಲ್ಲಿ ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕುಗ್ಗುತ್ತದೆ. ಈ ಸಂಬಂಧವನ್ನು ಅರಿತವರಿಗೆ ದರಪಟ್ಟಿಯನ್ನು ಓದುವುದು ಸುಲಭ.

ಹಗಲಿನ ಲೆಕ್ಕ: ಮೀಟರಿಗೆ ಎಷ್ಟು ಪಿಕ್ಸೆಲ್?

2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. 4 ಮೆಗಾಪಿಕ್ಸೆಲ್‌ನದು ಸಾಮಾನ್ಯವಾಗಿ 2560. 8 ಮೆಗಾಪಿಕ್ಸೆಲ್‌ನದು 3840. ಈ ಪಿಕ್ಸೆಲ್‌ಗಳು ಎಷ್ಟು ಅಗಲದ ಸ್ಥಳದ ಮೇಲೆ ಹಂಚಿಹೋಗುತ್ತವೆ ಎಂಬುದೇ ಮುಖ್ಯ. ಅಂತಾರಾಷ್ಟ್ರೀಯ ಮಾನಕ ಐ.ಇ.ಸಿ. 62676ರ 4ನೇ ಭಾಗದ 2014ರ ಆವೃತ್ತಿಯ ಪ್ರಕಾರ ಅಪರಿಚಿತನನ್ನು ಇಂಥವನೇ ಎಂದು ಗುರುತಿಸಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು. ಪರಿಚಿತನೇ ಎಂದು ಹೇಳಲು 125 ಸಾಕು. ಯಾರೋ ಇದ್ದಾರೆಂದು ತಿಳಿಯಲು 25 ಸಾಕು.

ಉದಾಹರಣೆಗೆ, ಬಾಗಿಲಿನಿಂದ 6 ಮೀಟರ್ ದೂರದಲ್ಲಿ, ಸುಮಾರು 105 ಡಿಗ್ರಿ ನೋಟವಿರುವ 2.8 ಮಿಲಿಮೀಟರ್ ಮಸೂರದ 2 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆಯೆಂದು ಭಾವಿಸಬಹುದು. ಬಾಗಿಲಿನ ಬಳಿ ಅದು ಕಾಣುವ ಅಗಲ ಸುಮಾರು 15.6 ಮೀಟರ್, ಮೀಟರಿಗೆ ದೊರೆಯುವುದು ಸುಮಾರು 123 ಪಿಕ್ಸೆಲ್. ಅದೇ ಕ್ಯಾಮೆರಾಕ್ಕೆ ಸುಮಾರು 54 ಡಿಗ್ರಿ ನೋಟದ 6 ಮಿಲಿಮೀಟರ್ ಮಸೂರವಿದ್ದರೆ ಕಾಣುವ ಅಗಲ ಸುಮಾರು 6 ಮೀಟರ್; ಮೀಟರಿಗೆ 300ಕ್ಕೂ ಹೆಚ್ಚು ಪಿಕ್ಸೆಲ್ ದೊರೆಯುತ್ತದೆ. ಮೆಗಾಪಿಕ್ಸೆಲ್ ಹೆಚ್ಚಿಸದೆಯೇ, ಕೇವಲ ಮಸೂರದ ಬದಲಾವಣೆಯಿಂದ ಮುಖ ಸ್ಪಷ್ಟವಾಗುತ್ತದೆ. ಇಡೀ ಅಂಗಳವನ್ನು ನೋಡಲು ಒಂದು ಅಗಲ ನೋಟದ ಕ್ಯಾಮೆರಾ, ಬಾಗಿಲಿಗೆ ಒಂದು ಕಿರಿದಾದ ನೋಟದ ಕ್ಯಾಮೆರಾ ಎಂಬ ವಿಂಗಡಣೆ ಒಂದೇ ದುಬಾರಿ ಕ್ಯಾಮೆರಾಕ್ಕಿಂತ ಹೆಚ್ಚು ಉಪಯುಕ್ತ.

ಹಗಲಿನಲ್ಲಿ ಇನ್ನೊಂದು ತೊಡಕೂ ಉಂಟು. ಪಾವಗಡ ತಾಲ್ಲೂಕಿನ ತಿರುಮಣಿ ಪರಿಸರದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ನೆಲೆಗೊಳ್ಳಲು ಕಾರಣವಾದ ಬಿಸಿಲೇ ಮಳಿಗೆಯ ಕ್ಯಾಮೆರಾಕ್ಕೆ ಅಡ್ಡಿಯಾಗುತ್ತದೆ. ಒಳಗಿನಿಂದ ಬಾಗಿಲಿನತ್ತ ನೋಡುವ ಕ್ಯಾಮೆರಾಕ್ಕೆ ಹೊರಗಿನ ಪ್ರಖರ ಬೆಳಕು ಎದುರಾಗಿ, ಒಳಬರುವವರ ಮುಖ ಕಪ್ಪು ನೆರಳಾಗುತ್ತದೆ. ಅಂತಹ ಸ್ಥಳಕ್ಕೆ 120 ಡೆಸಿಬೆಲ್ ಮಟ್ಟದ ನಿಜವಾದ ಡಬ್ಲ್ಯು.ಡಿ.ಆರ್. ಸೌಲಭ್ಯವಿರುವ ಕ್ಯಾಮೆರಾವನ್ನೇ ಕೇಳಬೇಕು. ‘ಡಿಜಿಟಲ್ ಡಬ್ಲ್ಯು.ಡಿ.ಆರ್.’ ಎಂದಷ್ಟೇ ಬರೆದಿರುವುದು ಇದಕ್ಕೆ ಸಮನಲ್ಲ.

ಇರುಳಿನ ಲೆಕ್ಕ: ಬೆಳಕೇ ಬಂಡವಾಳ

ಕ್ಯಾಮೆರಾದೊಳಗಿನ ಸೆನ್ಸರ್ ಮೇಲೆ ಬೀಳುವ ಬೆಳಕನ್ನು ಎಲ್ಲ ಪಿಕ್ಸೆಲ್‌ಗಳೂ ಹಂಚಿಕೊಳ್ಳಬೇಕು. ಅದೇ 1/2.8 ಇಂಚಿನ ಸೆನ್ಸರಿನಲ್ಲಿ 2ರ ಬದಲು 8 ಮೆಗಾಪಿಕ್ಸೆಲ್ ತುಂಬಿದರೆ ಪ್ರತಿ ಪಿಕ್ಸೆಲ್‌ಗೆ ದೊರೆಯುವ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಗಲಿನಲ್ಲಿ ಇದು ಲೆಕ್ಕಕ್ಕೆ ಬಾರದು. ಇರುಳಿನಲ್ಲಿ ಚಿತ್ರ ಮರಳು ಚೆಲ್ಲಿದಂತಾಗುತ್ತದೆ. ಆದುದರಿಂದ ಇರುಳಿನ ಕೆಲಸಕ್ಕೆ ಮೊದಲು ಸೆನ್ಸರಿನ ಗಾತ್ರ ನೋಡಬೇಕು. 1/1.8 ಇಂಚಿನ ಸೆನ್ಸರಿನ ವಿಸ್ತೀರ್ಣ 1/2.8 ಇಂಚಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಎರಡನೆಯದಾಗಿ ಮಸೂರದ ‘ಎಫ್’ ಸಂಖ್ಯೆ. ಈ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು, ಎಫ್ 1.0 ಮಸೂರ ಎಫ್ 2.0 ಮಸೂರದ ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ.

ಮೂರನೆಯದು ಚಲನೆ. ಮಬ್ಬು ಬೆಳಕಿನಲ್ಲಿ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕನ್ನು ಕೂಡಿಸಿಕೊಳ್ಳುತ್ತದೆ. ಈ ಅವಧಿ ಸೆಕೆಂಡಿನ 25ನೇ ಒಂದು ಭಾಗವಿದ್ದು, ಓಡುವವನ ವೇಗ ಸೆಕೆಂಡಿಗೆ 4 ಮೀಟರ್ ಇದ್ದರೆ, ಅಷ್ಟರಲ್ಲಿ ಅವನು 16 ಸೆಂಟಿಮೀಟರ್ ಸರಿದಿರುತ್ತಾನೆ. ಅದು ಹೆಚ್ಚುಕಡಿಮೆ ಒಂದು ಮುಖದ ಅಗಲ. ಅವಧಿಯನ್ನು 100ನೇ ಒಂದು ಭಾಗಕ್ಕೆ ಇಳಿಸಿದರೆ ಸರಿಯುವುದು 4 ಸೆಂಟಿಮೀಟರ್ ಮಾತ್ರ. ಆದರೆ ಅದಕ್ಕೆ ತಕ್ಕ ಬೆಳಕು ಇರಬೇಕು. ನಿಂತ ಗೋಡೆಯ ಚಿತ್ರ ಹೊಳೆಯುವಂತೆ ಕಂಡರೂ ನಡೆಯುವ ಮನುಷ್ಯ ಮಸುಕಾಗುವುದು ಇದೇ ಕಾರಣದಿಂದ.

ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೀರುವ ಕ್ಯಾಮೆರಾಗಳು ಪೂರ್ಣ ಕತ್ತಲೆಯಲ್ಲಿಯೂ ಕಪ್ಪು-ಬಿಳುಪು ಚಿತ್ರ ಕೊಡುತ್ತವೆ. ದರಪಟ್ಟಿಯಲ್ಲಿ ‘30 ಮೀಟರ್’ ಎಂದಿದ್ದರೆ ಅಷ್ಟು ದೂರದಲ್ಲಿ ಮುಖ ತಿಳಿಯುತ್ತದೆಂದು ಅರ್ಥವಲ್ಲ. ದೂರ ಇಮ್ಮಡಿಯಾದರೆ ತಲುಪುವ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಕ್ಯಾಮೆರಾದ ಮುಂದಿನ ಜೇಡರ ಬಲೆ, ಬಯಲುಸೀಮೆಯ ಧೂಳು, ಹತ್ತಿರದ ಸುಣ್ಣದ ಗೋಡೆ ಇವೆಲ್ಲ ಆ ಬೆಳಕನ್ನು ಮರಳಿ ಎಸೆದು ಚಿತ್ರವನ್ನು ಬೆಳ್ಳಗಾಗಿಸುತ್ತವೆ. ವಾಹನಗಳ ಹೊಳೆಯುವ ಎಚ್.ಎಸ್.ಆರ್.ಪಿ. ಫಲಕಗಳೂ ಹೀಗೆಯೇ ಅಂಕಿ ಕಾಣದಂತೆ ಬೆಳಗಬಹುದು. ಇರುಳಿನಲ್ಲಿ ವಾಹನದ ಸಂಖ್ಯೆ ಬೇಕೇ ಬೇಕೆನ್ನುವವರು ಅದಕ್ಕೆಂದೇ ಹೊಂದಿಸಿದ ಪ್ರತ್ಯೇಕ ಕ್ಯಾಮೆರಾ ಇಡಬೇಕು.

ಇರುಳಿನಲ್ಲಿಯೂ ಬಣ್ಣದ ಚಿತ್ರ ಕೊಡುವ ಕ್ಯಾಮೆರಾಗಳಿಗೆ ಬಿಳಿ ಬೆಳಕು ಬೇಕು. ಅಂಗಿಯ ಬಣ್ಣ, ವಾಹನದ ಬಣ್ಣ ತಿಳಿಯುವುದು ಇವುಗಳ ಲಾಭ. ಬಾಗಿಲಿನ ಮೇಲೆ ಇರುಳೆಲ್ಲ ಉರಿಯುವ 10 ವ್ಯಾಟ್‌ನ ಒಂದು ಎಲ್.ಇ.ಡಿ. ದೀಪ 12 ಗಂಟೆಯಲ್ಲಿ ಬಳಸುವುದು 0.12 ಯೂನಿಟ್, ತಿಂಗಳಿಗೆ 3.6 ಯೂನಿಟ್ ಮಾತ್ರ. ಹೆಚ್ಚಿನ ಮೆಗಾಪಿಕ್ಸೆಲ್‌ಗೆ ತೆರುವ ಹಣಕ್ಕಿಂತ ಈ ಸಣ್ಣ ವೆಚ್ಚ ಇರುಳಿನ ಚಿತ್ರವನ್ನು ಹೆಚ್ಚು ಸುಧಾರಿಸುತ್ತದೆ.

ಸಂಗ್ರಹ ಮತ್ತು ವಿದ್ಯುತ್

ಮೆಗಾಪಿಕ್ಸೆಲ್ ಹೆಚ್ಚಿದಂತೆ ಹಾರ್ಡ್ ಡಿಸ್ಕಿನ ವೆಚ್ಚವೂ ಏರುತ್ತದೆ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ದಾಖಲಿಸಿದರೆ ದಿನಕ್ಕೆ 43.2 ಗಿಗಾಬೈಟ್, ನಾಲ್ಕು ಕ್ಯಾಮೆರಾಗಳಿಗೆ 30 ದಿನಕ್ಕೆ ಸುಮಾರು 5.2 ಟೆರಾಬೈಟ್. 2 ಮೆಗಾಬಿಟ್‌ಗೆ ಇಳಿಸಿದರೆ ಇದರ ಅರ್ಧ. ದರಪಟ್ಟಿಯಲ್ಲಿ 1 ಟೆರಾಬೈಟ್ ಡಿಸ್ಕ್ ಮಾತ್ರ ಇದ್ದರೆ ಎಷ್ಟು ದಿನಗಳ ದೃಶ್ಯ ಉಳಿಯುತ್ತದೆಂದು ಮೊದಲೇ ಲೆಕ್ಕ ಹಾಕಬೇಕು. ವಿದ್ಯುತ್ ಹೋದೊಡನೆ ದೀಪವೂ ಕ್ಯಾಮೆರಾವೂ ಒಟ್ಟಿಗೆ ಆರಿದರೆ ಖರ್ಚೆಲ್ಲ ವ್ಯರ್ಥ. ರೆಕಾರ್ಡರ್, ಕ್ಯಾಮೆರಾ ಹಾಗೂ ಬಾಗಿಲಿನ ದೀಪ ಮೂರನ್ನೂ ಯು.ಪಿ.ಎಸ್.ಗೆ ಸೇರಿಸಬೇಕು.

ಕಾನೂನು ಮತ್ತು ತೆರಿಗೆ

ದೃಶ್ಯಾವಳಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬೇಕಾದರೆ ಅದರ ಪ್ರತಿಯೊಡನೆ ಪ್ರಮಾಣಪತ್ರ ಇರಬೇಕು. ಹಿಂದಿನ ಸಾಕ್ಷ್ಯ ಅಧಿನಿಯಮದ 65ಬಿ ಪ್ರಕರಣದಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದಲ್ಲಿ ಮುಂದುವರಿದಿದೆ. ರೆಕಾರ್ಡರಿನ ದಿನಾಂಕ ಹಾಗೂ ಸಮಯ ಸರಿಯಾಗಿರುವುದು, ಘಟನೆಯ ನಂತರ ಮೂಲ ಡಿಸ್ಕ್ ಅಳಿಸಿಹೋಗದಂತೆ ಕಾಯುವುದು ಮಾಲೀಕರ ಹೊಣೆ.

ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ಸಿ.ಸಿ.ಟಿ.ವಿ. ಕ್ಯಾಮೆರಾಗಳಿಗೆ ವಿಧಿಸಿರುವ ಸೈಬರ್ ಸುರಕ್ಷತೆಯ ಅಗತ್ಯಗಳು 2025ರ ಏಪ್ರಿಲ್ 9ರಿಂದ ಜಾರಿಯಲ್ಲಿವೆ. ಮನೆಯೊಳಗಿನ ದೃಶ್ಯ ಪರರ ಪಾಲಾಗಬಾರದೆನ್ನುವವರು ಬಿ.ಐ.ಎಸ್. ನೋಂದಣಿ ಸಂಖ್ಯೆಯನ್ನು ಪರಿಶೀಲಿಸಿಯೇ ಕೊಳ್ಳಬೇಕು ಮತ್ತು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಕೂಡಲೇ ಬದಲಾಯಿಸಬೇಕು.

ಕ್ಯಾಮೆರಾಗಳ ಮೇಲೆ ಜಿ.ಎಸ್.ಟಿ. ಶೇ. 18. ವ್ಯಾಪಾರಕ್ಕೆ ಬಳಸುವ ಕ್ಯಾಮೆರಾಗಳ ಮೇಲಿನ ತೆರಿಗೆಯನ್ನು ನೋಂದಾಯಿತ ವರ್ತಕರು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಸ್ವಂತ ವಾಸಕ್ಕೆ ಬಳಸಿದ ಭಾಗಕ್ಕೆ ಈ ಅವಕಾಶವಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ. ಮನೆ ಮತ್ತು ಮಳಿಗೆ ಒಂದೇ ಆಗಿರುವವರು ಎರಡಕ್ಕೂ ಪ್ರತ್ಯೇಕ ಬಿಲ್ ಪಡೆಯುವುದು ಲೇಸು. ಜಮೆ ಪಡೆದ ತೆರಿಗೆಯ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ.

ಹಣ ಪಾವತಿಗೆ ಮುನ್ನ

ಆದೇಶ ಕೊಡುವಾಗಲೇ ಒಂದು ಷರತ್ತನ್ನು ಬರೆಸಿಕೊಳ್ಳಬೇಕು: ಕೊನೆಯ ಕಂತಿನ ಪಾವತಿ ಇರುಳಿನ ಪರೀಕ್ಷೆಯ ನಂತರ. ರಾತ್ರಿ ಹತ್ತರ ಮೇಲೆ, ಬೀದಿ ದೀಪವನ್ನು ನೆಚ್ಚದೆ, ಮನೆಯವರಲ್ಲಿ ಒಬ್ಬರು ಸಾಮಾನ್ಯ ವೇಗದಲ್ಲಿಯೂ ಬಳಿಕ ಬಿರುಸಾಗಿಯೂ ಬಾಗಿಲಿನವರೆಗೆ ನಡೆದು ಬರಲಿ. ಆ ದೃಶ್ಯವನ್ನು ನೇರ ಪ್ರಸಾರದಲ್ಲಲ್ಲ, ದಾಖಲೆಯಿಂದ ತೆಗೆದು ನೋಡಬೇಕು. ದೃಶ್ಯವನ್ನು ನಿಲ್ಲಿಸಿದಾಗ ಮುಖ ಗುರುತಿಸುವಂತಿದ್ದರೆ ಕ್ಯಾಮೆರಾ ತನ್ನ ಕೆಲಸಕ್ಕೆ ಅರ್ಹ. ಇಲ್ಲದಿದ್ದರೆ ದೀಪ, ಮಸೂರ, ಸೆನ್ಸರ್ ಎಂಬ ಕ್ರಮದಲ್ಲಿ ದೋಷ ಹುಡುಕಬೇಕು. ಮೆಗಾಪಿಕ್ಸೆಲ್‌ನ ಸರದಿ ಕೊನೆಯದು.