ಕೇರಿಯ ತಂಡ ಮೊದಲು, ದೇಶದ್ದು ಆಮೇಲೆ

ಪೂರ್ವ ಲಂಡನ್ನಿನ ಗ್ರೀನ್ ಸ್ಟ್ರೀಟ್ ಎಂದರೆ ಸೀರೆ ಅಂಗಡಿ, ಚಿನ್ನದಂಗಡಿ, ನುಗ್ಗೆಕಾಯಿ–ಹಾಗಲಕಾಯಿ ಸಿಗುವ ತರಕಾರಿ ಅಂಗಡಿಗಳ ಸಾಲು. ಪಕ್ಕದ ಈಸ್ಟ್ ಹ್ಯಾಮ್‌ಗೆ ಮಸಾಲೆ ದೋಸೆ ತಿನ್ನಲು ಹೋಗುವ ಕನ್ನಡಿಗರಿಗೂ ಪರಿಚಯದ ಬೀದಿ. ಅದು ಬಾರ್ಕಿಂಗ್ ರಸ್ತೆಯನ್ನು ಸೇರುವ ಮೂಲೆಯಲ್ಲಿ ಶಿಲ್ಪಿ ಫಿಲಿಪ್ ಜಾಕ್ಸನ್ ಮಾಡಿದ ಕಂಚಿನ ಪ್ರತಿಮೆಯೊಂದು 2003ರಿಂದ ನಿಂತಿದೆ. ನಾಲ್ವರು ಆಟಗಾರರು, ಇಬ್ಬರ ಹೆಗಲೇರಿ ವಿಶ್ವಕಪ್ ಎತ್ತಿ ಹಿಡಿದಿರುವಾತ ನಾಯಕ ಬಾಬಿ ಮೂರ್. 1966ರ ಜುಲೈ 30ರಂದು ಇಂಗ್ಲೆಂಡ್ ಪಶ್ಚಿಮ ಜರ್ಮನಿಯನ್ನು 4–2ರಿಂದ ಸೋಲಿಸಿದ ಗಳಿಗೆಯದು. ಆದರೆ ಆ ಪಂದ್ಯ ನಡೆದ ವೆಂಬ್ಲಿ ಇರುವುದು ಊರಿನ ಇನ್ನೊಂದು ತುದಿಯಲ್ಲಿ, ವಾಯವ್ಯಕ್ಕೆ. ದೇಶದ ಗೆಲುವಿನ ಪ್ರತಿಮೆಗೆ ಇಲ್ಲೇನು ಕೆಲಸ?

ಕೆಲಸವಿದೆ. ಮೂರ್ ವೆಸ್ಟ್ ಹ್ಯಾಮ್ ಕ್ಲಬ್ಬಿನ ಹುಡುಗ. ಫೈನಲ್‌ನಲ್ಲಿ ಮೂರು ಗೋಲು ಹೊಡೆದ ಜೆಫ್ ಹರ್ಸ್ಟ್, ಇನ್ನೊಂದು ಹೊಡೆದ ಮಾರ್ಟಿನ್ ಪೀಟರ್ಸ್ ಕೂಡ ಅದೇ ಕ್ಲಬ್ಬಿನವರು. ಕ್ಲಬ್ಬಿನ ಹಳೆಯ ಮೈದಾನ ಈ ಮೂಲೆಯ ಹಿಂದೆಯೇ ಇತ್ತು. 2016ರಲ್ಲಿ ಕ್ಲಬ್ ಸ್ಟ್ರ್ಯಾಟ್‌ಫರ್ಡ್‌ನ ಒಲಿಂಪಿಕ್ ಕ್ರೀಡಾಂಗಣಕ್ಕೆ ಹೋಯಿತು, ಮೈದಾನವಿದ್ದಲ್ಲಿ ಫ್ಲ್ಯಾಟ್‌ಗಳು ಎದ್ದವು, ಪ್ರತಿಮೆ ಉಳಿಯಿತು. ವಿಶ್ವಕಪ್ ಗೆದ್ದದ್ದು ವೆಸ್ಟ್ ಹ್ಯಾಮ್ ಎಂದು ಇಲ್ಲಿನ ಹಳಬರು ಇಂದಿಗೂ ಹೇಳುತ್ತಾರೆ. ತಮಾಷೆಗೆ ಹೇಳುತ್ತಾರೆ ನಿಜ, ಪೂರ್ತಿ ತಮಾಷೆಗಲ್ಲ. ಮೂರ್‌ಗೆ ಹೆಗಲು ಕೊಟ್ಟು ನಿಂತಿರುವ ಎವರ್ಟನ್‌ನ ರೇ ವಿಲ್ಸನ್, ಪಾಪ, ಮದುವೆ ಮನೆಯಲ್ಲಿ ಎದುರು ಪಕ್ಷದವರ ಫೋಟೊಗೆ ಸಿಕ್ಕಿಹಾಕಿಕೊಂಡ ನೆಂಟನ ಹಾಗೆ ಕಾಣುತ್ತಾನೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ತಲೆಕೆಳಗಾದ ಲೆಕ್ಕ. ನಮಗೆ ಮೊದಲು ಭಾರತ, ಆಮೇಲೆ ರಣಜಿಯ ಕರ್ನಾಟಕ. ಆರ್‌ಸಿಬಿ ಆಡಲು ಶುರುಮಾಡಿದ್ದೇ 2008ರಲ್ಲಿ. ಲಂಡನ್ನಿನಲ್ಲಿ ಮಗು ಶಾಲೆಗೆ ಸೇರಿದ ವಾರದೊಳಗೆ ‘ನಿನ್ನ ಟೀಮ್ ಯಾವುದು?’ ಎಂಬ ಪ್ರಶ್ನೆ ಎದುರಾಗುತ್ತದೆ. ಅದಕ್ಕೆ ‘ಇಂಗ್ಲೆಂಡ್’ ಎಂದರೆ ಉತ್ತರ ಕೊಟ್ಟಂತಲ್ಲ. ಆರ್ಸೆನಲ್ಲೋ, ಚೆಲ್ಸಿಯೋ, ಟಾಟನ್‌ಹ್ಯಾಮೋ ಎಂದು ಹೇಳಬೇಕು. 2022–23ರ ಪ್ರೀಮಿಯರ್ ಲೀಗ್‌ನ 20 ಕ್ಲಬ್‌ಗಳಲ್ಲಿ 7 ಈ ಒಂದೇ ಊರಿನವು. ಅವುಗಳ ಕೆಳಗಿನ ಲೀಗ್‌ಗಳಲ್ಲಿ ಮಿಲ್‌ವಾಲ್, ಚಾರ್ಲ್ಟನ್, ಲೇಟನ್ ಓರಿಯಂಟ್, ಕ್ವೀನ್ಸ್ ಪಾರ್ಕ್ ರೇಂಜರ್ಸ್.

ಹಾಗೆ ನೋಡಿದರೆ, ಕಾಗದದ ಮೇಲೆ ದೇಶದ ತಂಡವೇ ಈ ಕ್ಲಬ್‌ಗಳಿಗಿಂತ ಹಿರಿಯದು. ಫುಟ್‌ಬಾಲ್ ಅಸೋಸಿಯೇಷನ್ 1863ರಲ್ಲಿ ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಹುಟ್ಟಿತು. ಇಂಗ್ಲೆಂಡ್–ಸ್ಕಾಟ್ಲೆಂಡ್ ಹೆಸರಿನ ಮೊದಮೊದಲ ಪಂದ್ಯಗಳು 1870ರಿಂದ ಕೆನಿಂಗ್ಟನ್‌ನ ಓವಲ್‌ನಲ್ಲಿ ನಡೆದವು. ನಮಗೆ ಕ್ರಿಕೆಟ್ಟಿನಿಂದ ಗೊತ್ತಿರುವ ಅದೇ ಓವಲ್. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ಇರುವ ಲ್ಯಾಂಬೆತ್ ಬರೋದಲ್ಲೇ ಇದೆ. ಅಧಿಕೃತ ಎನಿಸಿಕೊಂಡ ಮೊದಲ ಅಂತಾರಾಷ್ಟ್ರೀಯ ಪಂದ್ಯ 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ನಡೆದು ಗೋಲಿಲ್ಲದೆ ಮುಗಿಯಿತು. ಆದರೆ ಆ ಇಂಗ್ಲೆಂಡ್ ಯಾರದು? ಹೆಚ್ಚಾಗಿ ಪಬ್ಲಿಕ್ ಸ್ಕೂಲು, ವಿಶ್ವವಿದ್ಯಾಲಯಗಳಲ್ಲಿ ಓದಿದ ಸ್ಥಿತಿವಂತರದು. ಅವರ ಆಟಕ್ಕೆ ಹಡಗುಕಟ್ಟೆಯ ಕೂಲಿಯವ ಕೊರಳು ಹರಿದುಕೊಂಡು ಕೂಗಲು ಕಾರಣವೇ ಇರಲಿಲ್ಲ.

ಅವನಿಗೆ ಕಾರಣ ಸಿಕ್ಕಿದ್ದು ಕಾರ್ಖಾನೆಯಲ್ಲಿ. 1850ರ ಕಾಯ್ದೆ ಜವಳಿ ಗಿರಣಿಗಳ ಶನಿವಾರದ ಕೆಲಸವನ್ನು ಮಧ್ಯಾಹ್ನ 2 ಗಂಟೆಗೆ ನಿಲ್ಲಿಸಿತ್ತು. ಶನಿವಾರದ ಅರ್ಧ ರಜೆ ಮುಂದಿನ ದಶಕಗಳಲ್ಲಿ ಉಳಿದ ಕಸುಬುಗಳಿಗೂ ಹಬ್ಬಿತು. ಕೈಯಲ್ಲಿ ಒಂದು ಮಧ್ಯಾಹ್ನ ಉಳಿದದ್ದೇ ತಡ, ಲಂಡನ್ನಿನ ಕೇರಿ ಕೇರಿಯಲ್ಲಿ ಕ್ಲಬ್‌ಗಳು ಎದ್ದವು. 1885ರಲ್ಲಿ ಐಲ್ ಆಫ್ ಡಾಗ್ಸ್‌ನಲ್ಲಿದ್ದ ಮಾರ್ಟನ್ ಜಾಮ್ ಕಾರ್ಖಾನೆಯ ಕೆಲಸಗಾರರು ಮಿಲ್‌ವಾಲ್ ಕಟ್ಟಿದರು. ಮರುವರ್ಷ ವೂಲಿಚ್‌ನ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯ ಕೆಲಸಗಾರರು ಕಟ್ಟಿದ್ದು ಆರ್ಸೆನಲ್. ಲಾಂಛನದಲ್ಲಿ ಇವತ್ತಿಗೂ ಫಿರಂಗಿ ಇದೆ. 1895ರಲ್ಲಿ ಥೇಮ್ಸ್ ಐರನ್‌ವರ್ಕ್ಸ್ ಎಂಬ ಹಡಗು ಕಾರ್ಖಾನೆಯ ತಂಡ ಹುಟ್ಟಿತು. ಐದು ವರ್ಷದ ಮೇಲೆ ಅದೇ ವೆಸ್ಟ್ ಹ್ಯಾಮ್ ಯುನೈಟೆಡ್ ಆಯಿತು. ಅದರ ಲಾಂಛನದ ಜೋಡಿ ಸುತ್ತಿಗೆಗಳು ಹಡಗು ಕಟ್ಟುವವರ ಸುತ್ತಿಗೆಗಳೇ. ಫುಲ್‌ಹ್ಯಾಮ್ ಚರ್ಚಿನಿಂದ ಬಂತು, ಟಾಟನ್‌ಹ್ಯಾಮ್ ಕ್ರಿಕೆಟ್ ಆಡುತ್ತಿದ್ದ ಶಾಲಾ ಹುಡುಗರಿಂದ. ಚೆಲ್ಸಿಯದು ಬೇರೆ ಕಥೆ: ಮೈದಾನ ಮೊದಲೇ ಇತ್ತು, ಅದರಲ್ಲಿ ಆಡಲೊಂದು ತಂಡ ಬೇಕಲ್ಲ ಎಂದು 1905ರಲ್ಲಿ ಎದುರಿನ ಪಬ್ಬಿನಲ್ಲಿ ಕೂತು ಕ್ಲಬ್ ಹುಟ್ಟಿಸಿದರು.

1901ರಲ್ಲಿ, ಫುಟ್‌ಬಾಲ್ ಲೀಗ್‌ನೊಳಗೆ ಇನ್ನೂ ಕಾಲಿಡದ ಟಾಟನ್‌ಹ್ಯಾಮ್ ಎಫ್.ಎ. ಕಪ್ ಗೆದ್ದಿತು. ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದು ಡ್ರಾ ಆದ ಆ ಫೈನಲ್ ನೋಡಲು ಸೇರಿದವರು 1,10,820 ಜನ.

ಆಗ ದೇಶದ ತಂಡಕ್ಕೆ ಸ್ವಂತ ಮನೆಯೂ ಇರಲಿಲ್ಲ. 1923ರಲ್ಲಿ ವೆಂಬ್ಲಿ ತೆರೆದದ್ದೂ ಕ್ಲಬ್‌ಗಳ ಕಪ್ ಫೈನಲ್‌ನೊಂದಿಗೆ. 1924ರಲ್ಲಿ ಇಂಗ್ಲೆಂಡ್ ಅಲ್ಲಿ ಮೊದಲ ಸಲ ಆಡಿತಾದರೂ, 1951ರವರೆಗೆ ಅಧಿಕೃತವಾಗಿ ಅಲ್ಲಿ ಎದುರಿಸಿದ್ದು ಸ್ಕಾಟ್ಲೆಂಡ್ ಒಂದನ್ನೇ. ಉಳಿದವರು ಬಂದಾಗ ಯಾವುದಾದರೂ ಕ್ಲಬ್ಬಿನ ಮೈದಾನವೇ ಗತಿ. ಹೀಗೆ ಅತಿಥಿಯಾಗಿ ಆಡಿದ ಎರಡು ಪಂದ್ಯಗಳಲ್ಲಿ, ನನ್ನ ಮಟ್ಟಿಗೆ, ಈ ಇಡೀ ಕಥೆಯ ಬೇರು ಕಾಣುತ್ತದೆ.

ಮೊದಲನೆಯದು 1934ರ ನವೆಂಬರ್ 14ರಂದು ಆರ್ಸೆನಲ್‌ನ ಹೈಬರಿಯಲ್ಲಿ. ಎದುರಾಳಿ ಆ ವರ್ಷವಷ್ಟೇ ವಿಶ್ವಕಪ್ ಗೆದ್ದ ಮುಸೊಲಿನಿಯ ಇಟಲಿ. ಇಂಗ್ಲೆಂಡಿನ ಹನ್ನೊಂದರಲ್ಲಿ ಏಳು ಮಂದಿ ಆರ್ಸೆನಲ್‌ನವರು. ನಾಯಕ ಎಡ್ಡಿ ಹ್ಯಾಪ್‌ಗುಡ್ ಮೂಗು ಮುರಿಸಿಕೊಂಡ, ಇಟಲಿಯ ಮೊಂಟಿ ಕಾಲು ಮುರಿದುಕೊಂಡು ಹೊರನಡೆದ, ಇಂಗ್ಲೆಂಡ್ 3–2ರಿಂದ ಗೆದ್ದಿತು. ‘ಹೈಬರಿ ಕದನ’ ಎಂದೇ ಅದಕ್ಕೆ ಹೆಸರು. ತಮ್ಮದೇ ಮೈದಾನದಲ್ಲಿ ತಮ್ಮ ಏಳು ಹುಡುಗರು ಆಡುವಾಗ ಉತ್ತರ ಲಂಡನ್ನಿನವರು ಕೂಗಿದ್ದು ಯಾರಿಗಾಗಿ ಎಂದು ಬಿಡಿಸಿ ಹೇಳುವುದು ಕಷ್ಟ. ದೇಶ ಅಲ್ಲಿ ಕ್ಲಬ್ಬಿನ ಬಾಗಿಲಿನಿಂದ ಒಳಗೆ ಬಂದಿತ್ತು.

ಒಂದು ವರ್ಷದ ಮೇಲೆ, 1935ರ ಡಿಸೆಂಬರ್ 4ರಂದು, ಕೆಲವೇ ಮೈಲಿ ಆಚೆಯ ಟಾಟನ್‌ಹ್ಯಾಮ್ ಮೈದಾನ ವೈಟ್ ಹಾರ್ಟ್ ಲೇನ್‌ನಲ್ಲಿ ಇಂಗ್ಲೆಂಡಿನ ಎದುರು ನಿಂತದ್ದು ನಾಜಿ ಜರ್ಮನಿ. ಟಾಟನ್‌ಹ್ಯಾಮ್ ಅಭಿಮಾನಿಗಳಲ್ಲಿ ಯಹೂದಿಗಳು ಬಹಳ. ಯಹೂದಿಗಳಿಂದ ಪೌರತ್ವವನ್ನೇ ಕಿತ್ತುಕೊಂಡ ನ್ಯೂರೆಂಬರ್ಗ್ ಕಾಯ್ದೆಗಳು ಬಂದು ಮೂರು ತಿಂಗಳೂ ಆಗಿರಲಿಲ್ಲ. ಯಹೂದಿ ಅಭಿಮಾನಿಗಳು ಪ್ರತಿಭಟಿಸಿದರು, ಕಾರ್ಮಿಕ ಸಂಘಗಳ ಒಕ್ಕೂಟ ಪಂದ್ಯ ನಿಲ್ಲಿಸಿ ಎಂದು ಸರ್ಕಾರವನ್ನು ಕೇಳಿತು, ಗೃಹ ಸಚಿವ ಜಾನ್ ಸೈಮನ್ ಒಪ್ಪಲಿಲ್ಲ. ಜರ್ಮನಿಯಿಂದ ಸುಮಾರು 10,000 ಪ್ರೇಕ್ಷಕರು ಬಂದರು. ಮೈದಾನದ ಮೇಲೆ ಸ್ವಸ್ತಿಕ ಬಾವುಟ ಹಾರಿತು. ಒಬ್ಬಾತ ಚಾವಣಿ ಹತ್ತಿ ಅದರ ಹಗ್ಗ ಕತ್ತರಿಸಿ ಕೆಳಗಿಳಿಸಿದ. ಇಂಗ್ಲೆಂಡ್ 3–0ರಿಂದ ಗೆದ್ದಿತು. ಕ್ಲಬ್ಬು ನಮ್ಮದು, ಮೈದಾನ ನಮ್ಮದು, ಅದರ ಮೇಲೆ ದೇಶದ ಹೆಸರಿನಲ್ಲಿ ಯಾರ ಬಾವುಟ ಹಾರಬೇಕೆಂದು ನಮ್ಮನ್ನು ಕೇಳಿದಿರಾ? ಕ್ಲಬ್ ನಿಷ್ಠೆಯನ್ನು ಸಂಕುಚಿತ ಬುದ್ಧಿ ಎಂದು ಜರೆಯುವವರು ಆ ಮಧ್ಯಾಹ್ನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಂಗ್ಲೆಂಡ್ ತಂಡ ಎಲ್ಲರದೂ ಆದದ್ದು ವೆಂಬ್ಲಿ ಮತ್ತು ಟಿ.ವಿ. ಬಂದ ಮೇಲೆ. ಆಗಲೂ ಬಾವುಟದ ಗೊಂದಲ ಹೋಗಿರಲಿಲ್ಲ. 1966ರ ಚಿತ್ರಗಳಲ್ಲಿ ಗ್ಯಾಲರಿ ತುಂಬ ಹಾರುವುದು ಯೂನಿಯನ್ ಜ್ಯಾಕ್, ಅಂದರೆ ಇಡೀ ಬ್ರಿಟನ್ನಿನ ಬಾವುಟ. 1996ರ ಯುರೋ ಕಪ್ ಹೊತ್ತಿಗೆ ಬಿಳಿಯ ಮೇಲೆ ಕೆಂಪು ಶಿಲುಬೆಯ ಸೇಂಟ್ ಜಾರ್ಜ್ ಬಾವುಟ ವೆಂಬ್ಲಿಯನ್ನು ತುಂಬಿಬಿಟ್ಟಿತ್ತು. ಆ ಬಾವುಟವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಶಿಲುಬೆಯ ಅಡ್ಡಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಊರಿನ ಹೆಸರು ಅಥವಾ ಕ್ಲಬ್ಬಿನ ಹೆಸರು. ಅದರಲ್ಲೂ ಚಿಕ್ಕ ಕ್ಲಬ್‌ಗಳ ಹೆಸರುಗಳೇ ಹೆಚ್ಚು ಎದ್ದು ಕಾಣುತ್ತವೆ. ಕಾರಣ ಊಹಿಸಬಹುದು. ಚೆಲ್ಸಿಯವನಿಗೆ ಯುರೋಪು ಸುತ್ತಲು ಕ್ಲಬ್ಬೇ ಸಾಕು. ಲೇಟನ್ ಓರಿಯಂಟ್‌ನವನಿಗೆ ಗಡಿ ದಾಟಿಸುವುದು ಇಂಗ್ಲೆಂಡ್ ಒಂದೇ.

1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದ ಮೇಲೆ ಕ್ಲಬ್‌ಗಳೇ ಪುಟ್ಟ ವಿಶ್ವಸಂಸ್ಥೆಗಳಾದವು. 1999ರ ಡಿಸೆಂಬರ್ 26ರಂದು ಚೆಲ್ಸಿ ಒಬ್ಬನೂ ಬ್ರಿಟಿಷನಿಲ್ಲದ ಹನ್ನೊಂದನ್ನು ಕಣಕ್ಕಿಳಿಸಿತು. 2005ರ ಫೆಬ್ರುವರಿಯಲ್ಲಿ ಆರ್ಸೆನಲ್ ಬದಲಿ ಆಟಗಾರರೂ ಸೇರಿ ಹದಿನಾರಕ್ಕೆ ಹದಿನಾರು ವಿದೇಶಿಯರೊಂದಿಗೆ ಆಡಿ ಕ್ರಿಸ್ಟಲ್ ಪ್ಯಾಲೇಸನ್ನು 5–1ರಿಂದ ಸದೆಬಡಿಯಿತು. ಫ್ರಾನ್ಸಿನ ಥಿಯರಿ ಆನ್ರಿ ಆರ್ಸೆನಲ್‌ನವನಿಗೆ ಮನೆಮಗ. ಇಂಗ್ಲೆಂಡಿನ ಪರ ಆಡುವ ಟಾಟನ್‌ಹ್ಯಾಮ್ ಆಟಗಾರ ಶತ್ರು. ಇಂಗ್ಲೆಂಡಿನ ಪರ ಅತಿ ಹೆಚ್ಚು ಗೋಲು ಹೊಡೆದ ಹ್ಯಾರಿ ಕೇನ್ ಬೆಳಗಿದ್ದು ಟಾಟನ್‌ಹ್ಯಾಮ್‌ನಲ್ಲಿ. 2022ರ ವಿಶ್ವಕಪ್‌ನಲ್ಲಿ ಫ್ರಾನ್ಸ್ ವಿರುದ್ಧ ಅವನು ಪೆನಾಲ್ಟಿಯನ್ನು ಆಕಾಶಕ್ಕೆ ಹೊಡೆದ ರಾತ್ರಿ ಆರ್ಸೆನಲ್ ಕೇರಿಗಳಲ್ಲಿ ಎಲ್ಲರೂ ಮರುಗಿದರು ಎಂದು ನಾನು ಪ್ರಮಾಣ ಮಾಡಲಾರೆ.

ಈ ಹಗೆ ಆಟಗಾರರನ್ನೂ ಬಿಡಲಿಲ್ಲ. ರಿಯೊ ಫರ್ಡಿನಂಡ್, ಫ್ರ್ಯಾಂಕ್ ಲ್ಯಾಂಪಾರ್ಡ್ ವೆಸ್ಟ್ ಹ್ಯಾಮ್‌ನಲ್ಲಿ ಜೊತೆಗೆ ಬೆಳೆದ ಗೆಳೆಯರು. ಒಬ್ಬ ಮ್ಯಾಂಚೆಸ್ಟರ್ ಯುನೈಟೆಡ್, ಇನ್ನೊಬ್ಬ ಚೆಲ್ಸಿ ಸೇರಿದ ಮೇಲೆ ಮಾತು ನಿಂತಿತು. ಇಂಗ್ಲೆಂಡ್ ಶಿಬಿರದಲ್ಲೂ ಬಿಗುಮಾನ. ತಮ್ಮ ಕಾಲದ ಇಂಗ್ಲೆಂಡ್ ಏನನ್ನೂ ಗೆಲ್ಲದಿರಲು ಇದೂ ಒಂದು ಕಾರಣವೆಂದು ನಿವೃತ್ತರಾದ ಮೇಲೆ ಟಿ.ವಿ. ಮುಂದೆ ಕೂತು ಒಪ್ಪಿಕೊಂಡರು. ಅಭಿಮಾನಿಗಳಂತೂ ದೇಶದ ಸೋಲಿನ ಸಿಟ್ಟನ್ನು ಕ್ಲಬ್ಬಿನ ಅಂಗಿ ನೋಡಿಕೊಂಡೇ ತೀರಿಸಿಕೊಳ್ಳುತ್ತಾರೆ. 1998ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಕೆಂಪು ಕಾರ್ಡ್ ಕಂಡ ಇಂಗ್ಲೆಂಡಿನ ಡೇವಿಡ್ ಬೆಕಮ್‌ನ ಪ್ರತಿಕೃತಿಯನ್ನು ದಕ್ಷಿಣ ಲಂಡನ್ನಿನ ಪಬ್ಬೊಂದರ ಮುಂದೆ ನೇಣಿಗೆ ಹಾಕಿದರು. ಆಗಸ್ಟಿನಲ್ಲಿ ಅವನು ಮ್ಯಾಂಚೆಸ್ಟರ್ ಯುನೈಟೆಡ್‌ನೊಂದಿಗೆ ವೆಸ್ಟ್ ಹ್ಯಾಮ್ ಮೈದಾನಕ್ಕೆ ಬಂದಾಗ ಚೆಂಡು ಮುಟ್ಟಿದಾಗಲೆಲ್ಲ ಬೈಗುಳದ ಸುರಿಮಳೆ. ನಮ್ಮಲ್ಲೂ ಇದರ ರುಚಿ ಕಂಡಿದ್ದೇವೆ. 2024ರ ಐಪಿಎಲ್‌ನಲ್ಲಿ ವಾಂಖೆಡೆಯ ಜನ ತಮ್ಮದೇ ತಂಡದ ನಾಯಕ ಹಾರ್ದಿಕ್ ಪಾಂಡ್ಯನನ್ನು ಹೋ ಎಂದು ಕೂಗಿ ಅವಮಾನಿಸಿದರು. ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಅವನು ಕೊನೆಯ ಓವರ್ ಎಸೆದು ವಿಶ್ವಕಪ್ ಗೆಲ್ಲಿಸಿದ ಮೇಲೆ ಅದೇ ವಾಂಖೆಡೆ ಅವನ ಹೆಸರು ಜಪಿಸಿತು.

ವಲಸೆ ಬಂದವರ ಮಟ್ಟಿಗೆ ಕ್ಲಬ್ಬಿನ ಆಕರ್ಷಣೆಗೆ ಇನ್ನೊಂದು ಮುಖವಿದೆ. ಜಮೈಕಾದಲ್ಲಿ ಹುಟ್ಟಿದ ಜಾನ್ ಬಾರ್ನ್ಸ್ 1984ರಲ್ಲಿ ಬ್ರೆಜಿಲ್‌ನ ಮರಕಾನಾದಲ್ಲಿ ಅದ್ಭುತ ಗೋಲು ಹೊಡೆದು ಇಂಗ್ಲೆಂಡಿಗೆ 2–0 ಗೆಲುವು ತಂದರೆ, ತಂಡದ ಜೊತೆ ಪ್ರಯಾಣಿಸುತ್ತಿದ್ದ, ನ್ಯಾಷನಲ್ ಫ್ರಂಟ್ ಎಂಬ ಜನಾಂಗೀಯವಾದಿ ಪಕ್ಷದವರು ಗೆದ್ದದ್ದು 1–0 ಅಷ್ಟೇ ಎಂದರು. ಕಪ್ಪು ಮೈಯವನ ಗೋಲು ಲೆಕ್ಕಕ್ಕಿಲ್ಲವಂತೆ. ಕ್ಲಬ್‌ಗಳೇನೂ ಸಾಚಾ ಅಲ್ಲ: 1982ರಲ್ಲಿ ಚೆಲ್ಸಿಯ ಮೊದಲ ಕಪ್ಪು ಆಟಗಾರ ಪಾಲ್ ಕ್ಯಾನೊವಿಲ್‌ನನ್ನು ಬೈದವರು ಚೆಲ್ಸಿಯವರೇ. ಆದರೂ ಕ್ಲಬ್ಬು ಪಾಸ್‌ಪೋರ್ಟ್ ಕೇಳುವುದಿಲ್ಲ. 1990ರಲ್ಲಿ ನಾರ್ಮನ್ ಟೆಬಿಟ್ ಎಂಬ ಕನ್ಸರ್ವೇಟಿವ್ ನಾಯಕ, ಏಷ್ಯಾದಿಂದ ಬಂದವರು ಕ್ರಿಕೆಟ್‌ನಲ್ಲಿ ಯಾರ ಪರ ಕೂಗುತ್ತಾರೆ ನೋಡಿ ಎಂದು ನಿಷ್ಠೆಯ ಪರೀಕ್ಷೆಯೊಂದನ್ನು ಮುಂದಿಟ್ಟಿದ್ದ. ಓವಲ್‌ನಲ್ಲಿ ಭಾರತದ ಪರ ಕೂಗುವ ಹ್ಯಾರೋ, ಹೌನ್ಸ್‌ಲೋ, ಕ್ರಾಯ್ಡನ್‌ಗಳ ಕನ್ನಡದ ಅಪ್ಪಂದಿರು ಆ ಪರೀಕ್ಷೆಯಲ್ಲಿ ಖಂಡಿತ ಫೇಲು. ಕೆಂಪು ಜೆರ್ಸಿ ಹಾಕಿಕೊಂಡು ಶನಿವಾರದ ಫಲಿತಾಂಶಕ್ಕೆ ಅಳುವ ಅವರ ಮಕ್ಕಳು ಯಾವ ಪರೀಕ್ಷೆಯನ್ನೂ ಬರೆಯದೆ ಲಂಡನ್ನಿನವರಾಗಿಬಿಟ್ಟಿದ್ದಾರೆ.

2021ರ ಜುಲೈ 11ರಂದು ವೆಂಬ್ಲಿಯ ಯುರೋ ಫೈನಲ್‌ನಲ್ಲಿ ಇಟಲಿ ಎದುರು ಕೊನೆಯ ಪೆನಾಲ್ಟಿ ತಪ್ಪಿದ ಬುಕಾಯೊ ಸಾಕಾಗೆ 19 ವರ್ಷ. ಲಂಡನ್ನಿನ ಈಲಿಂಗ್‌ನಲ್ಲಿ ನೈಜೀರಿಯಾ ಮೂಲದ ತಂದೆತಾಯಿಗೆ ಹುಟ್ಟಿದ ಆರ್ಸೆನಲ್ ಹುಡುಗ. ಅಂದು ರಾತ್ರಿಯೇ ಜನಾಂಗೀಯ ನಿಂದನೆ ಹರಿದುಬಂತು. ಆರ್ಸೆನಲ್ ಅಭಿಮಾನಿಗಳು ಬರೆದ ಪತ್ರಗಳಿಂದ ಕ್ಲಬ್ಬಿನ ಅಭ್ಯಾಸ ಕೇಂದ್ರದ ಗೋಡೆಯೊಂದು ತುಂಬಿತು, ಅದು ನಿರೀಕ್ಷಿತವೇ. ಆಗಸ್ಟ್ 8ರಂದು ಸಾಕಾ ಬದಲಿ ಆಟಗಾರನಾಗಿ ಟಾಟನ್‌ಹ್ಯಾಮ್ ಮೈದಾನಕ್ಕಿಳಿದ. ಬದ್ಧವೈರಿಗಳ ಗ್ಯಾಲರಿ ಎದ್ದು ಚಪ್ಪಾಳೆ ತಟ್ಟಿತು. ಜನಾಂಗೀಯತೆಯ ವಿರುದ್ಧ ಉತ್ತರ ಲಂಡನ್ ಸಾಕಾ ಜೊತೆಗಿದೆ ಎಂಬ ಅರ್ಥದ ಬ್ಯಾನರ್ ಬಿಚ್ಚಿತ್ತು. ಗಮನಿಸಿ, ಆ ಬ್ಯಾನರ್ ಎತ್ತಿದ ಹೆಸರು ಇಂಗ್ಲೆಂಡಿನದಲ್ಲ, ಉತ್ತರ ಲಂಡನ್ನಿನದು.

ಕೇರಿ ಮೊದಲು, ದೇಶ ಆಮೇಲೆ ಎಂಬ ಈ ಕ್ರಮ ಫುಟ್‌ಬಾಲ್‌ನ ಹುಟ್ಟುಗುಣವೇನಲ್ಲ ಎಂಬುದಕ್ಕೆ ಮಹಿಳೆಯರ ಆಟವೇ ಸಾಕ್ಷಿ. 1921ರ ಡಿಸೆಂಬರ್‌ನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳನ್ನು ಹೆಣ್ಣುಮಕ್ಕಳಿಗೆ ಮುಚ್ಚಿತು. ಆ ನಿಷೇಧ ಸುಮಾರು 50 ವರ್ಷ ಇತ್ತು. ಕೇರಿಯ ಮೈದಾನವೇ ಇಲ್ಲದಾಗ ಕೇರಿಯ ನಿಷ್ಠೆ ಎಲ್ಲಿಂದ ಬೆಳೆಯಬೇಕು? ಇಂಗ್ಲೆಂಡ್ ಮಹಿಳೆಯರ ಮೊದಲ ಅಧಿಕೃತ ಪಂದ್ಯ 1972ರ ನವೆಂಬರ್‌ನಲ್ಲಿ, ಗಂಡಸರು ಆಡಿ ನೂರು ವರ್ಷವಾದ ಮೇಲೆ. ಆರ್ಸೆನಲ್ ಮಹಿಳಾ ತಂಡ ಹುಟ್ಟಿದ್ದು 1987ರಲ್ಲಿ. 2022ರ ಜುಲೈ 31ರಂದು ವೆಂಬ್ಲಿಯಲ್ಲಿ 87,192 ಜನರ ಮುಂದೆ ಇಂಗ್ಲೆಂಡ್ ಜರ್ಮನಿಯನ್ನು 2–1ರಿಂದ ಸೋಲಿಸಿ ಯುರೋ ಗೆದ್ದಿತು. ಗೆಲುವಿನ ಗೋಲು ಪಶ್ಚಿಮ ಲಂಡನ್ನಿನ ಕ್ಲೋಯಿ ಕೆಲಿಯದು. ಎಂಟು ವಾರ ಕಳೆಯುವುದರೊಳಗೆ ಆರ್ಸೆನಲ್‌ನ ಈಗಿನ ಮೈದಾನ ಎಮಿರೇಟ್ಸ್‌ನಲ್ಲಿ ನಡೆದ ಆರ್ಸೆನಲ್–ಟಾಟನ್‌ಹ್ಯಾಮ್ ಮಹಿಳಾ ಪಂದ್ಯಕ್ಕೆ 47,367 ಜನ ಬಂದರು. 2024ರ ಫೆಬ್ರುವರಿಯಲ್ಲಿ ಅದೇ ಮೈದಾನಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ಬಂದಾಗ 60,160. ಇಲ್ಲಿ ದೇಶ ಮೊದಲು ಬಂತು, ಕ್ಲಬ್ಬು ಅದರ ಬೆನ್ನಿಗೆ ಬಂತು. ವೆಂಬ್ಲಿಯಲ್ಲಿ ಬಾವುಟ ಬೀಸಿದ ಹುಡುಗಿಯರು ಈಗ ಸೀಸನ್ ಟಿಕೆಟ್ ಹಿಡಿದು ಲೀಗ್ ಪಟ್ಟಿ ಬಾಯಿಪಾಠ ಮಾಡುತ್ತಿದ್ದಾರೆ. ದೇಶದ ಪಂದ್ಯಗಳಿಗಾಗಿ ಲೀಗ್ ಎರಡು ವಾರ ನಿಂತಿತೆಂದರೆ ಅವರೂ ತಮ್ಮ ಅಪ್ಪಂದಿರ ಹಾಗೆ ಗೊಣಗುವ ದಿನ ದೂರವಿಲ್ಲ ಎಂಬುದು ನನ್ನ ಅಂದಾಜು.