ಪಹಣಿಯ ಗಣಕೀಕರಣ ಮತ್ತು ಪ್ರಜೆಯ ವಿಶ್ವಾಸ

ಸರಕಾರದ ಕಾರ್ಯವನ್ನು ಗಣಕಯಂತ್ರಕ್ಕೆ ಒಪ್ಪಿಸಿದ ಮಾತ್ರದಿಂದ ಪ್ರಜೆಗಳಲ್ಲಿ ವಿಶ್ವಾಸ ಮೂಡುವುದೆಂದು ಭಾವಿಸುವುದು ಉಚಿತವಲ್ಲ. ವಿಶ್ವಾಸ ಯಾವುದರಿಂದ ಮೂಡುವುದೆಂಬುದಕ್ಕೆ ಕರ್ನಾಟಕದ ‘ಭೂಮಿ’ ಯೋಜನೆ ಒಳ್ಳೆಯ ನಿದರ್ಶನ.

ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರನ ಹೆಸರು, ಬೆಳೆ, ಋಣಭಾರ ಇವನ್ನೆಲ್ಲ ಒಳಗೊಂಡ ಪತ್ರವೇ ಪಹಣಿ. ಬ್ಯಾಂಕಿನ ಸಾಲಕ್ಕೂ ನ್ಯಾಯಾಲಯದ ವ್ಯಾಜ್ಯಕ್ಕೂ ಅದು ಬೇಕು. 1964ರ ಭೂಕಂದಾಯ ಕಾಯಿದೆಯ ಪ್ರಕಾರ, ಅನ್ಯಥಾ ಸಿದ್ಧವಾಗುವವರೆಗೆ ಹಕ್ಕುದಾಖಲೆಯ ನಮೂದು ಸತ್ಯವೆಂದೇ ಗ್ರಾಹ್ಯ. ಕಾನೂನು ಇಷ್ಟು ನಂಬಿದ ದಾಖಲೆಯನ್ನು ರೈತನು ನಂಬಲಾರದೆ ಇದ್ದನು. ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದ ಕೈಬರಹದ ಪುಸ್ತಕಗಳು ಅವನ ಕಣ್ಣಿಗೆ ಬೀಳುತ್ತಿದ್ದುದೇ ಅಪರೂಪ. ನಕಲಿಗಾಗಿ ಅಲೆಯಬೇಕು, ಅನೇಕ ವೇಳೆ ಲಂಚ ತೆರಬೇಕು. ಯಾರಾದರೂ ಅಕ್ಷರ ತಿದ್ದಿದರೆ ತಿಳಿಯುವ ಬಗೆಯಿಲ್ಲ.

2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ ಎರಡು ಕೋಟಿ ದಾಖಲೆಗಳು ಗಣಕಕ್ಕೆ ಏರಿದವು. ತಾಲೂಕು ಕಚೇರಿಯ ಕೇಂದ್ರದಲ್ಲಿ ಆಗ 15 ರೂಪಾಯಿ ತೆತ್ತವರಿಗೆ ಮುದ್ರಿತ ಪಹಣಿ ದೊರೆಯುವಂತಾಯಿತು. ಕೈಬರಹದ ಪ್ರತಿಗೆ ಮಾನ್ಯತೆ ತಪ್ಪಿದುದರಿಂದ ಈ ಬಳಕೆ ಅನಿವಾರ್ಯವಾಯಿತೆಂಬುದು ದಿಟ. ಆದರೆ ಅನಿವಾರ್ಯತೆಯೇ ವಿಶ್ವಾಸವಲ್ಲ. ವಿಶ್ವಾಸಕ್ಕೆ ಆಧಾರವಾಗಬಲ್ಲ ಏರ್ಪಾಡುಗಳು ಮೂರು. ಗುಮಾಸ್ತನ ಎದುರಿನ ತೆರೆಯಲ್ಲಿ ಕಾಣುವುದನ್ನೇ ಅರ್ಜಿದಾರನೂ ನೋಡುವಂತೆ ಅವನ ಕಡೆಗೆ ಇನ್ನೊಂದು ತೆರೆಯನ್ನಿರಿಸಲಾಯಿತು. ದಾಖಲೆಯನ್ನು ಮುಟ್ಟುವ ಅಧಿಕಾರಿ ಬೆರಳೊತ್ತಿ ತನ್ನ ಗುರುತು ಕೊಡಬೇಕಾಯಿತು. ಯಾರು, ಎಂದು, ಏನು ಮಾಡಿದರೆಂಬುದು ಅಳಿಯದೆ ಉಳಿಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ಇತ್ಯರ್ಥಪಡಿಸುವುದು ನಿಯಮವಾಯಿತು.

ಇಷ್ಟಾದರೂ ಯಂತ್ರಕ್ಕೆ ಮಿತಿಯುಂಟು. ಹಳೆಯ ಪುಸ್ತಕದ ತಪ್ಪನ್ನು ಅದು ತಪ್ಪಾಗಿಯೇ ಕಾಪಾಡುತ್ತದೆ. ತೀರಿಕೊಂಡ ತಂದೆಯ ಹೆಸರನ್ನು ತೆಗೆದು ವಾರಸುದಾರರ ಹೆಸರು ಸೇರಿಸುವ ಪೌತಿ ಖಾತೆಗೆ ಇಂದಿಗೂ ಅಧಿಕಾರಿಯ ವಿಚಾರಣೆ, ಸಹಿ ಬೇಕು. ಅಲ್ಲಿ ವಿಳಂಬವಾದರೆ ತೆರೆಯ ಮೇಲಿನ ಪಾರದರ್ಶಕತೆ ವ್ಯರ್ಥ. 2011ರ ಸಕಾಲ ಕಾಯಿದೆ ಹಲವು ಸೇವೆಗಳಿಗೆ ಅವಧಿ ಗೊತ್ತುಪಡಿಸಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ವಿಧಿಸಿದುದು ಈ ಕೊರತೆಯನ್ನು ನೀಗಿಸಲೆಂದೇ.

ಊರಿನಲ್ಲಿ ಪಿತ್ರಾರ್ಜಿತ ಪಾಲನ್ನು ಬಿಟ್ಟು ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಅಂತರ್ಜಾಲದಲ್ಲಿ ತಮ್ಮ ಪಹಣಿಯನ್ನು ಇಲ್ಲಿಂದಲೇ ನೋಡುವ ಅನುಕೂಲ ಈಗ ಅವರಿಗಿದೆ. ವರ್ಷಕ್ಕೊಮ್ಮೆಯಾದರೂ ನೋಡಿ, ಹೆಸರು, ವಿಸ್ತೀರ್ಣಗಳನ್ನು ಹಳೆಯ ಪತ್ರದೊಡನೆ ತಾಳೆಹಾಕಿ, ತಪ್ಪಿದ್ದರೆ ತಿದ್ದುಪಡಿಗೆ ಅರ್ಜಿ ಸಲ್ಲಿಸುವುದು ಕ್ಷೇಮ. ಪ್ರಜೆ ಪರೀಕ್ಷಿಸಬಲ್ಲ, ತಪ್ಪಿದಾಗ ತಿದ್ದಿಸಬಲ್ಲ ದಾಖಲೆಯೇ ವಿಶ್ವಾಸಕ್ಕೆ ಅರ್ಹ.